ಡ್ರೈವರಣ್ಣನ ಕಂತು, ಬೋರ್ಡ್ ಮೀಟಿಂಗಿನ ಪುಟ

ಪ್ರಶ್ನೆ: ನನಗೆ 32 ವರ್ಷ. ಮಕ್ಕಳಿಗೆ ಆನ್‌ಲೈನ್ ಪಾಠ ಮಾರುವ ಬೆಂಗಳೂರಿನ ಕಂಪನಿಯೊಂದರಲ್ಲಿ ಚೀಫ್ ಆಫ್ ಸ್ಟಾಫ್, ಅಂದರೆ ಕಂಪನಿ ಕಟ್ಟಿದ ಫೌಂಡರ್‌ಗೆ ಬಲಗೈ ಇದ್ದ ಹಾಗೆ. ಸೋಮವಾರಪೇಟೆ ಹತ್ತಿರದ ನಮ್ಮ ತೋಟದ ಮನೆಯಿಂದಲೇ ಕೆಲಸ. ನಾನು ಇದ್ದೀನಲ್ಲ ಅನ್ನೋ ಧೈರ್ಯದಲ್ಲಿ ನಮ್ಮ ಜೀಪ್ ಡ್ರೈವರ್ ಆರನೇ ಕ್ಲಾಸಿನ ಮಗಳಿಗೆ ನಮ್ಮ ಕೋರ್ಸ್ ಕೊಂಡರು, ಅದೂ ಸಾಲದಲ್ಲಿ. ಹುಡುಗಿ ಕನ್ನಡ ಮೀಡಿಯಂ, ಪಾಠವೆಲ್ಲ ಇಂಗ್ಲಿಷ್. ಸ್ವಲ್ಪ ದಿನ ನೋಡಿ ಬಿಟ್ಟುಬಿಟ್ಟಳು. ರೀಫಂಡ್ ಕೇಳಿದರೆ ಗಡುವು ಮುಗಿದಿದೆ ಎಂದರು. ಇಂಥ ಅರ್ಜಿಗಳು ತುಂಬಾ ಬಂದಿವೆ. ಬೋರ್ಡ್ ಮೀಟಿಂಗಿಗೆ ನಾನು ತಯಾರಿಸಿದ ಪ್ರೆಸೆಂಟೇಶನ್‌ನಲ್ಲಿ ಆ ಲೆಕ್ಕದ ಪುಟ ಹಾಕಿದ್ದೆ. ಫೌಂಡರ್ ಅದನ್ನು ತೆಗೆಯಲು ಹೇಳಿದ್ದಾರೆ. ಡ್ರೈವರ್‌ಗೆ ನನ್ನ ಕೈಯಿಂದಲೇ ಹಣ ಕೊಟ್ಟು ಸುಮ್ಮನಾಗಲೇ? ಕೆಲಸ ಬಿಟ್ಟು ತೋಟ ನೋಡಿಕೊಳ್ಳಲೇ? ಅಪ್ಪನಿಗಂತೂ ನನ್ನ ಕೆಲಸ ಏನೆಂದೇ ಗೊತ್ತಿಲ್ಲ.

ಉತ್ತರ: ಮೊದಲು ಡ್ರೈವರ್ ವಿಷಯ ನೋಡೋಣ. ಅವರ ಹಣ ಪ್ರತಿ ತಿಂಗಳೂ ಹೋಗುತ್ತಿದೆ, ನಿಮ್ಮ ಸಂಕಟ ನಾಲ್ಕು ದಿನ ಕಾಯಬಹುದು. ಕೋರ್ಸ್ ನಿಮ್ಮ ಕಂಪನಿಯದು, ಸಾಲ ಸಾಮಾನ್ಯವಾಗಿ ಬೇರೆ ಫೈನಾನ್ಸ್ ಕಂಪನಿಯದು. ಸಿಟ್ಟಿನಲ್ಲಿ ಕಂತು ನಿಲ್ಲಿಸಿದರೆ ಪೆಟ್ಟು ಬೀಳುವುದು ಅವರ ಸಿಬಿಲ್ ಸ್ಕೋರಿಗೆ, ಅಂದರೆ ಸಾಲ ತೀರಿಸುವ ದಾಖಲೆಯ ಅಂಕಕ್ಕೆ. ಆದ್ದರಿಂದ ಕಂತು ಕಟ್ಟುತ್ತಲೇ ಇಬ್ಬರಿಗೂ ಲಿಖಿತ ದೂರು ಕೊಡಬೇಕು. ಸಾಲ ಕೊಟ್ಟವರು 30 ದಿನದಲ್ಲಿ ಉತ್ತರಿಸದಿದ್ದರೆ ಇಂಥ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ ಹತ್ತಿರ ಹೋಗಬಹುದು. ಕೋರ್ಸಿನ ತಕರಾರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲೂ ಆಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರರು ತಾವಿರುವ ಜಿಲ್ಲೆಯಲ್ಲೇ ದಾವೆ ಹಾಕಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ.

ಕೈಯಿಂದ ಹಣ ಕೊಡುವ ಯೋಚನೆ ನನಗೆ ಇಷ್ಟವಾಗಲಿಲ್ಲ. ಅದರಿಂದ ನಿಮಗೆ ಆ ರಾತ್ರಿ ನಿದ್ದೆ ಬರುತ್ತದೆ, ಅಷ್ಟೇ. ಡ್ರೈವರ್ ನಿಮ್ಮ ಋಣದಲ್ಲಿ ಬೀಳುತ್ತಾರೆ. ಮೋಸಹೋದವರು ಅವರು, ತಲೆ ತಗ್ಗಿಸುವವರೂ ಅವರೇ ಆಗಬೇಕಾ? ಜೊತೆಗೆ ಕಂಪನಿಯ ಲೆಕ್ಕದಲ್ಲಿ ಒಂದು ದೂರು ಸದ್ದಿಲ್ಲದೆ ಕಡಿಮೆಯಾಗುತ್ತದೆ. ಒಳಗಿನವರಿಗೆ ಫೋನ್ ಮಾಡಿ ಅವರೊಬ್ಬರದ್ದು ಮಾತ್ರ ಪಾಸ್ ಮಾಡಿಸುವುದೂ ಹೀಗೆಯೇ. ಚೀಫ್ ಆಫ್ ಸ್ಟಾಫ್ ಪರಿಚಯ ಇಲ್ಲದ ಅಪ್ಪ ಅಮ್ಮಂದಿರು ಏನು ಮಾಡಬೇಕು?

ಈಗ ನಿಮ್ಮ ಕೆಲಸದ ಮಾತು. ಅಪ್ಪನಿಗೆ ಸುಲಭವಾಗಿ ಹೇಳಬಹುದು: ಆ ಕಂಪನಿಗೆ ನಾನು ತೋಟದ ರೈಟರ್ ಇದ್ದ ಹಾಗೆ. ರೈಟರ್‌ಗೆ ತೋಟ ಸ್ವಂತದ್ದಲ್ಲ, ಕೂಲಿ ನಿಗದಿ ಮಾಡುವುದೂ ಅವರಲ್ಲ. ಮಾಲೀಕರ ಮಾತು ಆಳುಗಳಿರುವ ಲೈನ್ ಮನೆಗೆ ಮುಟ್ಟಿಸುತ್ತಾರೆ, ಲೈನ್ ಮನೆಯ ಕಷ್ಟ ಮಾಲೀಕರಿಗೆ ಹೇಳುತ್ತಾರೆ. ಕೊಯ್ಲಿನ ದಿನ ಸಂಜೆ ಕಾಫಿ ಹಣ್ಣು ತೂಗಿ ಕಿಲೋ ಬರೆಯುವವರೂ ಅವರೇ. ಅವರು ಬರೆದ ತೂಕವನ್ನು ಎರಡೂ ಕಡೆಯವರು ನಂಬಬೇಕು. ಆ ನಂಬಿಕೆ ಬಿಟ್ಟರೆ ಅವರ ಕೈಯಲ್ಲಿ ಬೇರೆ ಅಧಿಕಾರ ಇಲ್ಲ. ನಿಮ್ಮದೂ ಅಷ್ಟೇ. ಮೀಟಿಂಗ್ ಹೊಂದಿಸುವುದು, ಕ್ಯಾಲೆಂಡರ್ ನೋಡುವುದು, ತಂಡಗಳ ಬೆನ್ನು ಹತ್ತುವುದು ಎಲ್ಲವನ್ನೂ ಫೌಂಡರ್ ಹೆಸರಿನಲ್ಲಿ ಮಾಡುತ್ತೀರಿ. ಫೌಂಡರ್‌ಗೆ ಕಹಿ ಲೆಕ್ಕ ತೋರಿಸುವುದೊಂದೇ ನಿಮ್ಮ ಸ್ವಂತ ಕೆಲಸ.

ಹಾಗಾಗಿ ಆ ಪುಟದ ಬಗ್ಗೆ ಮಾತಾಡಲೇಬೇಕು. ಗ್ರೂಪ್ ಕಾಲ್‌ನಲ್ಲಿ ಬೇಡ. ಬೋರ್ಡ್ ಮೀಟಿಂಗಿಗೆ ಮೊದಲೇ, ಇಬ್ಬರೇ ಇರುವಾಗ. ಸಾಧ್ಯವಾದರೆ ಬೆಂಗಳೂರಿಗೆ ಹೋಗಿ ಎದುರು ಕೂತು ಮಾತಾಡಿ. ಮಳೆಗಾಲದಲ್ಲಂತೂ ನಮ್ಮ ಕಡೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ, ಇಂಥ ಮಾತು ಅರ್ಧಕ್ಕೆ ಕಟ್ಟಾಗಬಾರದು. ಡ್ರೈವರ್ ಕಥೆಯಿಂದ ಶುರು ಮಾಡಬೇಡಿ. ‘ಒಂದು ಕೇಸ್ ತಾನೇ, ನೀವೇ ಸರಿಮಾಡಿಬಿಡಿ’ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಲೆಕ್ಕ ಇಡಿ: ಎಷ್ಟು ಅರ್ಜಿ ಬಾಕಿ, ಎಷ್ಟು ದಿನದಿಂದ, ಅದರಲ್ಲಿ ಸಾಲದ ಮೇಲೆ ಕೊಂಡವರು ಎಷ್ಟು, ಪಾಠದ ಭಾಷೆಯೇ ಬಾರದ ಮಕ್ಕಳು ಎಷ್ಟು. ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಇಂಥ ಕಂಪನಿಗಳ ಆಟೊ ಡೆಬಿಟ್ (ಖಾತೆಯಿಂದ ತಾನಾಗಿ ಹಣ ಕಡಿತ) ಬಗ್ಗೆ ಹುಷಾರಾಗಿರಿ ಎಂದು ಹೆತ್ತವರಿಗೆ ಹೇಳಿತ್ತು. ಇದು ಬೋರ್ಡಿಗೆ ಹೊಸ ಸುದ್ದಿಯೇನಲ್ಲ. ಬೋರ್ಡಿನಿಂದ ಮುಚ್ಚಿಟ್ಟದ್ದು ನಾಳೆ ಪೇಪರಿನಲ್ಲಿ ಬಂದರೆ ಮಾತ್ರ ಅದು ಸುದ್ದಿ.

ಫೌಂಡರ್ ಒಪ್ಪಿ, ರೀಫಂಡ್ ಸರಿಮಾಡಲು ಸ್ವಲ್ಪ ಸಮಯ ಕೇಳಿದರೆ ಕೊಡಿ. ಆದರೆ ಪುಟ ಇರಲಿ. ತೆಗೆಯಲೇಬೇಕು ಎಂದರೆ ಅದನ್ನು ಮೇಲ್‌ನಲ್ಲಿ ಹೇಳಲು ಕೇಳಿ, ನಿಮ್ಮ ಒಪ್ಪಿಗೆ ಇಲ್ಲ ಎಂದೂ ಮೇಲ್‌ನಲ್ಲೇ ಬರೆಯಿರಿ. ಆಮೇಲೂ ಹಟ ಮಾಡಿದರೆ ಬೇರೆ ಕೆಲಸ ಹುಡುಕಲು ಶುರು ಮಾಡಿ. ಹೇಗೂ ಈ ಹುದ್ದೆಯಲ್ಲಿ ಬಹಳ ಜನ ಕೆಲವೇ ವರ್ಷ ಇದ್ದು ಬೇರೆ ಕಡೆ ಹೋಗುತ್ತಾರೆ.

ತೋಟದ ಪ್ರಶ್ನೆಯನ್ನು ಇದರ ಜೊತೆ ಗಂಟು ಹಾಕಬೇಡಿ. ಬೇಜಾರಾಗಿ ತೋಟಕ್ಕೆ ಬಂದವರನ್ನು ಅಲ್ಲಿ ಆಳುಗಳ ಕೊರತೆ, ಆನೆ ಕಾಟ ಎರಡೂ ಕಾಯುತ್ತಿರುತ್ತವೆ. ನಿಜವಾಗಿ ಆಸೆ ಇದ್ದರೆ ಅಪ್ಪನ ಹತ್ತಿರ ಲೆಕ್ಕದ ಪುಸ್ತಕ ಕೇಳಿ ನೋಡಿ. ಆಸೆ ಎಷ್ಟಿದೆ ಅಂತ ಆಗ ಗೊತ್ತಾಗುತ್ತದೆ.

ಈ ವಾರವೇ ಆಗಬೇಕಾದದ್ದು ಒಂದಿದೆ. ಸಾಲದ ಕಾಗದ, ಕಂತು ಕಟ್ಟಿದ ಮೆಸೇಜ್, ಸೇಲ್ಸ್‌ನವರ ಜೊತೆಗಿನ ವಾಟ್ಸಾಪ್ ಮಾತು ಎಲ್ಲ ತರಲು ಡ್ರೈವರಣ್ಣನಿಗೆ ಹೇಳಿ. ದೂರಿನ ಮೇಲ್ ಬರೆಯಲು ಜೊತೆಗೆ ಕೂತು ಸಹಾಯ ಮಾಡಿ, ಆದರೆ ಅದು ಅವರ ಫೋನಿನಿಂದ, ಅವರ ಹೆಸರಿನಲ್ಲೇ ಹೋಗಲಿ. ಹೀಗೆ ಸಹಾಯ ಮಾಡಿದ್ದೀನಿ ಅಂತ ಫೌಂಡರ್‌ಗೆ ನೀವೇ ಮೊದಲು ತಿಳಿಸಿಬಿಡಿ.