ಓದುಗರ ಪ್ರಶ್ನೆ: ಕಿಲೋಮೀಟರ್ ಬಿಡ್ರಿ, ಏರು ಎಷ್ಟದ ಕೇಳ್ರಿ

ಈ ಸಲ ಬಂದ ಪ್ರಶ್ನೆದಾಗ ಅರ್ಧಕ್ಕರ್ಧ ಘಟ್ಟ, ಕರಾವಳಿ ಕಡೆ ಟ್ರೆಕ್ಕಿಂಗ್ ಹೋಗೋದರ ಬಗ್ಗೇನೇ ಅದಾವ. ನಾಲ್ಕು ಆರಿಸಿ ತಗೊಂಡೀನಿ.

ಪ್ರಶ್ನೆ: ಸರ್, ನಾವು ಆರು ಮಂದಿ ದೋಸ್ತರು, ಇಂಜಿನಿಯರಿಂಗ್ ಓದ್ತೀವಿ. ದೀಪಾವಳಿ ಮುಗದ ಮ್ಯಾಲ ಮೂರು ದಿನ ರಜಾ ಅದ, ಕುಮಾರ ಪರ್ವತಕ್ಕ ಹೋಗ್ಬೇಕಂತ ಮಾಡೀವಿ. ಹೋಗಿ ಬರ್ಲಾಕ 25 ಕಿಲೋಮೀಟರ್ ಅಂತಾರ. ನಾವು ಗಾಣಗಾಪುರಕ್ಕ ಪಾದಯಾತ್ರಿ ನಡದವರು, ಒಂದೇ ದಿನದಾಗ ಮುಗಿಸಬಹುದಲ್ರಿ? - ವಿದ್ಯಾರ್ಥಿಗಳು, ಕಲಬುರಗಿ

ಉತ್ತರ: ತಮ್ಮಾ, ಗಾಣಗಾಪುರದ ನಡಿಗಿ ಬ್ಯಾರೆ, ಇದು ಬ್ಯಾರೆ. ನಮ್ಮ ಕಡೆ ನೆಲ ಸಪಾಟ, ಹಿಂಗಾಗಿ ದೂರ ಅಂದ್ರ ಕಿಲೋಮೀಟರ್ ಅಂತನೇ ನಮ್ಮ ತಲ್ಯಾಗ ಕುಂತದ. ಘಟ್ಟದಾಗ ಆ ಲೆಕ್ಕ ನಡಿಯೂದಿಲ್ಲ. ನಡಿಗಿ ಶುರು ಆಗೋ ಕುಕ್ಕೆ ಸುಬ್ರಹ್ಮಣ್ಯ ಸಮುದ್ರ ಮಟ್ಟದಿಂದ ನೂರಾ ಚಿಲ್ಲರ ಮೀಟರ್ ಎತ್ತರದಾಗ ಅದ, ಕುಮಾರ ಪರ್ವತದ ತುದಿ 1712 ಮೀಟರ್. ಅಂದ್ರ ಹತ್ರಹತ್ರ 1600 ಮೀಟರ್ ಏರು, ಅದೂ ಒಂದೇ ಸವನ ಏರು ಅಲ್ಲ, ನಡುವ ಇಳದು ಮತ್ತ ಹತ್ತಬೇಕು, ಶೇಷ ಪರ್ವತ ದಾಟಿ ತುದಿ ಬಂತು ಅನ್ನೋದ್ರಾಗ ಮುಂದ ಇನ್ನೊಂದು ಗುಡ್ಡ ನಿಂತಿರ್ತದ. ಇದಕ್ಕಿಂತ ಎತ್ತರದ ಕುದುರೆಮುಖ, 1894 ಮೀಟರ್, ಕಾಲಿಗೆ ಇಷ್ಟು ಬಿರುಸಿಲ್ಲ, ಯಾಕಂದ್ರ ನಡಿಲಾಕ ಶುರು ಮಾಡೋ ಮುಳ್ಳೋಡಿನೇ ಮ್ಯಾಲದ. ಅದಕ್ಕ ಯಾವುದೇ ಗುಡ್ಡದ ಬಗ್ಗೆ ಕೇಳೋವಾಗ ಮೊದಲ ಎಲ್ಲಿಂದ ಎಲ್ಲಿಗೆ ಏರ್ತೀವಿ ಅಂತ ಕೇಳ್ರಿ.

ಎರಡನೇದು ಹವಾ. ಕಲಬುರಗಿ ಬಿಸಿಲು ತಡಕೊಂಡವರಿಗೆ ಅಲ್ಲಿಂದೇನು ಮಹಾ ಅಂತ ನಾನೂ ಅನ್ಕೊಂಡಿದ್ದೆ. ನಮ್ಮಲ್ಲಿ 42 ಡಿಗ್ರಿ ಇದ್ರೂ ಒಣ ಗಾಳಿ, ಬೆವರು ಬಂದಲ್ಲೇ ಆರಿ ಮೈ ತಂಪಾಗ್ತದ. ಅಲ್ಲಿ 30 ಡಿಗ್ರಿದಾಗೂ ಬೆವರು ಆರೂದಿಲ್ಲ, ಮೈಮ್ಯಾಲಿಂದ ಸುರೀತಾನೇ ಇರ್ತದ, ನೀರು ಹೋಗ್ತದ, ಉಪ್ಪು ಹೋಗ್ತದ, ಮೈ ಮಾತ್ರ ತಂಪಾಗೂದಿಲ್ಲ. ನಾವು ಮನಿಯಿಂದ ಒಯ್ದ ಕಡಕ್ ರೊಟ್ಟಿ ಕುಕ್ಕೆದಾಗ ಒಂದು ರಾತ್ರಿ ಇಡೋದ್ರಾಗ ಎಷ್ಟು ಮೆತ್ತಗಾಗಿತ್ತಂದ್ರ, ಬೆಳಿಗ್ಗೆ ಡಬ್ಬಿ ತಗದ್ರ ಅರಿವಿ ಹಂಗ ಮಡಚಲಾಕ ಬರ್ತಿತ್ತು. ಆ ಹವಾದಾಗನೇ ನಾವು ಏರಬೇಕು ಅನ್ನೋದು ಅವಾಗ ತಿಳೀತು. ಆವತ್ತ ಮಧ್ಯಾಹ್ನ ನಮ್ಮ ಪೈಕಿ ಎಲ್ಲಾರಿಗಿಂತ ಗಟ್ಟಿ ಇದ್ದ ಹುಡುಗನ ಮೀನಖಂಡ ಹಿಡಕೊಂಡು ಅಂವ ಕಲ್ಲುಬಂಡಿ ಮ್ಯಾಲೇ ಕುಂತುಬಿಟ್ಟ. ಓಆರ್‌ಎಸ್ ಪಾಕೀಟು ಒಬ್ಬೊಬ್ರಿಗೂ ಎರಡೆರಡು, ನೀರು ಮೂರು ಲೀಟರ್, ಇದ್ರಾಗ ಕಂಜೂಸಿ ಮಾಡಬ್ಯಾಡ್ರಿ.

ಒಂದೇ ದಿನದಾಗ ಹೋಗಿ ಬರೋರು ಅದಾರ, ಆದ್ರ ಮೊದಲನೇ ಸಲ ಹೋಗೋರಿಗೆ ನಾ ಬ್ಯಾಡ ಅಂತೀನಿ. ಇಳಿಯೋದೇ ಹೆಚ್ಚು ತ್ರಾಸು, ಮೊಣಕಾಲು ನಡಗ್ತಾವ, ಬೆರಳು ಶೂ ತುದಿಗೆ ಬಡಿತಾವ, ಹೊತ್ತು ಮುಳುಗಿದ್ರ ಕಾಡಿನ್ಯಾಗ ಬೇರು ಯಾವುದು ಕಲ್ಲು ಯಾವುದು ತಿಳಿಯೂದಿಲ್ಲ. ಅರಣ್ಯ ಇಲಾಖೆ ಬಿಡ್ತಿದ್ರ ದಾರಿ ನಡುವಿನ ಗಿರಿಗದ್ದೆ ಭಟ್ರ ಮನಿ ಹತ್ರ ರಾತ್ರಿ ತಂಗಿ ಎರಡು ದಿನದಾಗ ಮಾಡ್ರಿ, ಊಟ ವಸ್ತಿ ಮೊದಲೇ ಫೋನ್ ಹಚ್ಚಿ ಕೇಳ್ರಿ. ತುದ್ಯಾಗ ಟೆಂಟ್ ಹಾಕೋ ಹಂಗಿಲ್ಲ.

ಪರ್ಮಿಟ್ ಇಲ್ದ ಹೊಂಡಬ್ಯಾಡ್ರಿ. 2024ರ ಜನವರಿ 26ರ ರಜಾದಾಗ ಕುಮಾರ ಪರ್ವತಕ್ಕ ಸಾವಿರಾರು ಮಂದಿ ಒಮ್ಮೆಲೇ ನುಗ್ಗಿ, ದಾರಿ ತುಂಬ ಸಾಲು ನಿಂತು, ಸರ್ಕಾರ ಕೆಲವು ತಿಂಗಳು ಟ್ರೆಕ್ಕಿಂಗೇ ನಿಲ್ಸಬೇಕಾಯ್ತು. ಆಮ್ಯಾಲ ಅದೇ ವರ್ಷ, ಆಗ ಅರಣ್ಯ ಸಚಿವರಿದ್ದ ನಮ್ಮ ಭಾಲ್ಕಿಯ ಈಶ್ವರ ಖಂಡ್ರೆ ಅವರ ಕಾಲದಾಗ, 'ಅರಣ್ಯ ವಿಹಾರ' ಅನ್ನೋ ಆನ್‌ಲೈನ್ ಬುಕಿಂಗ್ ಬಂತು, ಒಂದು ದಾರಿಗೆ ದಿನಕ್ಕ 300 ಮಂದಿ ಅಂತ ಮಿತಿ ಇಟ್ರು. ಇದು ಛಲೋ ಕೆಲಸ ಅಂತ ನನ್ನ ಅಭಿಪ್ರಾಯ. ಆದ್ರ ಸಾವಿರ ರೂಪಾಯಿ ಟಿಕೆಟ್ ತಗದು ಅಷ್ಟು ದೂರದಿಂದ ಹೋಗೋ ನಮ್ಮಂಥವರು ಪರ್ಮಿಟ್ ಕೈಗೆ ಬಂದ ಮ್ಯಾಲೇ ರೈಲು ಬುಕ್ ಮಾಡಬೇಕು.

ರೈಲು ಅಂದ್ರ ನಿಮಗ ಸೊಲ್ಲಾಪುರ-ಹಾಸನ ಎಕ್ಸ್‌ಪ್ರೆಸ್ ಅದ. ಕಲಬುರಗಿದಾಗ ರಾತ್ರಿ ಹತ್ತಿದ್ರ ಮರುದಿನ ಹಾಸನ, ಅಲ್ಲಿಂದ ಬಸ್ಸಿನ್ಯಾಗ ಸಕಲೇಶಪುರ ದಾಟಿ ಕುಕ್ಕೆ. ಹೋಗೋದಕ್ಕ ಒಂದು ದಿನ, ಗುಡ್ಡಕ್ಕ ಎರಡು, ಬರೋದಕ್ಕ ಒಂದು, ಅಂದ್ರ ನಿಮ್ಮ ಮೂರು ದಿನ ಸಾಲೂದಿಲ್ಲ. ಮೂರೇ ದಿನ ಇದ್ರ ಗುಡ್ಡ ಬದಲಿ ಮಾಡ್ರಿ, ನಡಿಯೋ ಸ್ಪೀಡ್ ಬದಲಿ ಮಾಡಬ್ಯಾಡ್ರಿ.

ಪ್ರಶ್ನೆ: ಟ್ರೆಕ್ಕಿಂಗ್‌ಗೆ ಮೊದಲ ನಮ್ಮ ಊರ ಕಡೆ ಎಲ್ಲಿ ಪ್ರಾಕ್ಟೀಸ್ ಮಾಡಬೇಕ್ರಿ? ಇಲ್ಲಿ ಗುಡ್ಡನೇ ಇಲ್ಲ. - ಸೇಡಂ ಓದುಗರು

ಉತ್ತರ: ಯಾಕಿಲ್ರಿ? ಯಾದಗಿರಿ ಕೋಟಿ ಗುಡ್ಡ ಅದ, ಶಹಾಪುರದಾಗ ಮಲಗಿದ ಬುದ್ಧನ ಗುಡ್ಡ ಅದ. ನಿಮಗಂತೂ ಚಿಂಚೋಳಿ ಬಾಜೂಕೇ ಅದ, ಅಲ್ಲಿ ವನ್ಯಧಾಮದ ಕಾಡು, ಚಂದ್ರಂಪಳ್ಳಿ ಕಡೆ ಏರಿಳಿತ ಎಲ್ಲಾ ಅದ. ಕೋಟಿ ಗುಡ್ಡ ಒಂದು ಸಲ ಹತ್ತಿ ಫೋಟೋ ತಗೊಂಡು ಬರೋದಲ್ಲ, ಬೆನ್ನಿಗೆ ಐದಾರು ಕೆಜಿ ಬ್ಯಾಗ್ ಹಾಕ್ಕೊಂಡು ಹತ್ತಿ ಇಳದು ಹತ್ತಿ ಇಳದು, ವಾರಕ್ಕ ಮೂರು ಸಲ, ಒಂದೂವರೆ ತಿಂಗಳು. ಹೊಸ ಶೂ ಇಲ್ಲೇ ಹಾಕ್ಕೊಂಡು ಹಳೇವು ಮಾಡ್ರಿ.

ಪ್ರಶ್ನೆ: ಅಣ್ಣಾರ, ದಸರಾ ರಜಾದಾಗ ಮನಿ ಮಂದಿ ಹೋಗ್ಬೇಕಂತೀವಿ. ಎಂಟು ವರ್ಷದ ಮಗಳು, 63 ವರ್ಷದ ಅತ್ತಿ ಇದ್ದಾರ. ನನಗ ಸಮುದ್ರಾನೂ ಬೇಕು, ಕಾಡೂ ಬೇಕು, ಎಲ್ಲಾರ ಕೈಲೂ ಆಗೂವಂಥಾದು ಹೇಳ್ರಿ. - ಗೃಹಿಣಿ, ಬೀದರ್

ಉತ್ತರ: ಅಕ್ಕಾರ, ನೀವು ಅತ್ತಿಯವರನ್ನ ರೂಮಿನ್ಯಾಗ ಕುಂಡ್ರಿಸಿ ಹೋಗೋ ಪ್ಲಾನ್ ಮಾಡಲಿಲ್ಲ ನೋಡ್ರಿ, ಭಾಳ ಖುಷಿ ಆಯ್ತು. ಗೋಕರ್ಣದಾಗ ಮೂರು ದಿನ ಇರ್ರಿ. ಒಂದಿನ ಯಾಣ. ಕುಮಟಾ ತಾಲೂಕಿನ ಕಾಡಿನ್ಯಾಗ ಕರೀ ಬಂಡಿ ನೆಟ್ಟಗ ಎದ್ದು ನಿಂತಾವ, ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90. ಗಾಡಿ ನಿಲ್ಲಿಸಿದ ಮ್ಯಾಲ ನಡಿಗಿ ಸ್ವಲ್ಪೇ, ಅತ್ತಿಯವರು ಆರಾಮ ಬರ್ತಾರ, ಕೂಸಿಗೆ ಆ ಬಂಡಿ ಬುಡದಾಗ ನಿಂತು ತಲಿ ಎತ್ತಿ ನೋಡೋದೇ ಒಂದು ಸಂಭ್ರಮ. ಇನ್ನೊಂದಿನ ಕುಡ್ಲೆ ಬೀಚಿನಿಂದ ಓಂ ಬೀಚಿಗೆ ಗುಡ್ಡದ ಮ್ಯಾಲಿನ ದಾರಿ, ಅತ್ತಿಯವರು ಆಟೋದಾಗ ಓಂ ಬೀಚಿಗೆ ಬಂದು ಕೂಡ್ಲಿ. ಮುಂದ ಹಾಫ್ ಮೂನ್, ಪ್ಯಾರಡೈಸ್ ಬೀಚಿಗೂ ದಾರಿ ಅದ, ಆದ್ರ ಬಂಡಿ ಮ್ಯಾಲ ಕಾಲಿಡಬೇಕು, ಮಳಿ ಬಂದಿದ್ರ ಜಾರ್ತದ, ಮಗಳನ್ನ ಕರಕೊಂಡು ಓಂ ಬೀಚಿಗೇ ನಿಲ್ರಿ. ನೀರಿಗೆ ಇಳಿಯೋದು ಲೈಫ್‌ಗಾರ್ಡ್ ಹೇಳಿದ ಕಡೆ ಅಷ್ಟೇ. ನಾವು ಕೆರಿ ಬಾವಿ ನೋಡಿ ಬೆಳದವರು, ಕಡಲು ಕಾಲ ಕೆಳಗಿನ ಉಸುಕನ್ನೇ ಎಳಕೊಂಡು ಹೋಗ್ತದ ಅನ್ನೋದು ನಮಗ ಗೊತ್ತಿರೂದಿಲ್ಲ.

ಬರೋವಾಗ ದಿನ ಉಳದ್ರ ಕೊಲ್ಲೂರಿಗೆ ಹೋಗ್ರಿ. ಕೊಡಚಾದ್ರಿ 1343 ಮೀಟರ್, ಜೀಪ್ ಸಿಗ್ತಾವ. ಜೀಪ್ ದಾರಿ ಭಾಳ ಕುಲುಕ್ತದ, ಅತ್ತಿಯವರಿಗೆ ಬೆನ್ನು ನೋವಿದ್ರ ಬಿಡ್ರಿ.

ಪ್ರಶ್ನೆ: ಜನವರಿದಾಗ ಸಿದ್ಧಾಪುರ, ಹೊನ್ನಾವರ ಕಡೆ ಟ್ರೆಕ್ಕಿಂಗ್ ಫಿಕ್ಸ್ ಆಗ್ಯದ. ನಮ್ಮವ್ವ ಜಿಗಣಿ ಹತ್ತತಾವ, ಮಂಗನ ಕಾಯಿಲೆ ಬರ್ತದ ಬ್ಯಾಡ ಅಂತಾಳ. ಏನ್ ಮಾಡ್ಲಿ? - ಯಾದಗಿರಿ ಓದುಗರು

ಉತ್ತರ: ಅವ್ವನ ಮಾತಿನ್ಯಾಗ ಅರ್ಧ ಖರೇ ಅದ, ತಳ್ಳಿಹಾಕಬ್ಯಾಡ್ರಿ. ಜಿಗಣಿ, ಅಲ್ಲಿಯವರು ಇಂಬಳ ಅಂತಾರ, ಮಳಿಗಾಲದ್ದು. ಹತ್ತಿದ್ರ ರಕ್ತ ಹೋಗ್ತದ, ತುರಸ್ತದ, ಅಷ್ಟೇ. ಜನವರಿದಾಗ ಅವು ಕಮ್ಮಿ. ಆಗ ನೋಡ್ಕೋಬೇಕಾದ್ದು ಉಣ್ಣಿ. ಮಂಗನ ಕಾಯಿಲೆ ಹರಡೋದು ಆ ಉಣ್ಣಿ ಕಚ್ಚಿದ್ರ. 1957ರಾಗ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ್ಯಾಗ ಮೊದಲ ಗೊತ್ತಾಯ್ತು, ಡಿಸೆಂಬರಿನಿಂದ ಮೇ ತನಕ ಇದರ ಹಂಗಾಮು. ಮನಷ್ಯಾರಿಂದ ಮನಷ್ಯಾರಿಗೆ ಹರಡೂದಿಲ್ಲ.

ಹೋಗೋ ಮೊದಲ ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ ಫೋನ್ ಮಾಡಿ ಆ ಕಾಡಿನ್ಯಾಗ ಕೇಸ್ ಬಂದಾವೇನಂತ ಕೇಳ್ರಿ, ಬಂದಿದ್ರ ಆ ದಾರಿ ಬಿಟ್ಟು ಸಮುದ್ರದ ಕಡೆ ನಡೀರಿ. ಕಾಡಿಗೆ ಹೋಗೋವಾಗ ಉದ್ದ ತೋಳಿನ ಅಂಗಿ, ಪ್ಯಾಂಟು ಸಾಕ್ಸ್ ಒಳಗ ಸೇರಿಸಿ ಹಾಕ್ಕೋರಿ, ಉಣ್ಣಿ ಹತ್ತದಂಗ ಆರೋಗ್ಯ ಇಲಾಖೆಯವರು ಕೊಡೋ ಡೀಪಾ ಎಣ್ಣಿ ಸಿಕ್ರ ಹಚ್ಚಿಕೋರಿ, ಒಣ ಎಲಿ ರಾಶಿ ಮ್ಯಾಲ ಕೂಡಬ್ಯಾಡ್ರಿ, ಸತ್ತ ಮಂಗ್ಯಾ ಕಂಡ್ರ ಹತ್ರ ಹೋಗದ ಅರಣ್ಯದವರಿಗೆ ತಿಳಿಸ್ರಿ. ಸಂಜಿಗೆ ಬಿಸಿನೀರು, ಸಾಬೂನು ಹಚ್ಚಿ ಜಳಕ, ಅರಿವಿ ಬಿಸಿನೀರಿನ್ಯಾಗ ನೆನಸ್ರಿ. ಬಗಲು, ಮೊಣಕಾಲ ಹಿಂದ ಬೆರಳಾಡಿಸಿ ನೋಡ್ರಿ, ಎಳ್ಳಿಗಿಂತ ಸಣ್ಣ ಇರ್ತಾವ.

ವಾಪಸ್ ಬಂದ ಎರಡು ವಾರದೊಳಗ ಒಮ್ಮೆಲೇ ಜ್ವರ, ತಲಿನೋವು, ಸೊಂಟ ಮೈ ಕೈ ಮುರದಂಗಾದ್ರ ತಡ ಮಾಡಬ್ಯಾಡ್ರಿ. ಯಾದಗಿರಿದಾಗ ಜ್ವರ ಅಂದ ಕೂಡಲೇ ಡಾಕ್ಟರ್ ಡೆಂಗಿ, ಟೈಫಾಯ್ಡ್ ಅಂತ ಟೆಸ್ಟ್ ಬರೀತಾರ, ಮಂಗನ ಕಾಯಿಲೆ ನಮ್ಮ ಕಡೆ ಇಲ್ಲಲ್ಲ, ಅವರಿಗೆ ಹೆಂಗ ನೆನಪಾಗಬೇಕು? ಒಳಗ ಹೋದ ಕೂಡಲೇ ನೀವೇ ಹೇಳ್ರಿ: "ಡಾಕ್ಟರೇ, ನಾ ಇಂಥಾ ತಾರೀಖಿಗೆ ಸಿದ್ಧಾಪುರ ಕಾಡಿಗೆ ಹೋಗಿ ಬಂದೀನಿ."