ಅಡಿಕೆ ದರ ಹೇಳುವ ಒಂದೇ ಬಾಟ್ (ಕೇಳಿದ್ದಕ್ಕೆ ತಾನೇ ಉತ್ತರಿಸುವ ತಂತ್ರಾಂಶ) ಸ್ಮಾರ್ಟ್‌ಫೋನಿಗೂ ಕೀಪ್ಯಾಡ್ ಫೋನಿಗೂ ಹೊಂದುತ್ತದಾ?

ಹೊಂದುತ್ತದೆ. ಆದರೆ ಮಾತಿನ ತರ್ಕ ಒಂದು ಕಡೆ, ಅದನ್ನು ತೋರಿಸುವ ರೀತಿ ಇನ್ನೊಂದು ಕಡೆ ಇರಬೇಕು. ‘ಯಾವ ಅಡಿಕೆ?’ ಎಂದು ಕೇಳಬೇಕು ಅನ್ನುವುದು ತರ್ಕ. ಸ್ಮಾರ್ಟ್‌ಫೋನಿನಲ್ಲಿ ಅದು ಹೊಸತು, ಹಳತು, ಪಟೋರ, ಕರಿಗೋಟು ಎಂಬ ಬಟನ್‌ಗಳಾಗುತ್ತದೆ. ಕೀಪ್ಯಾಡ್ ಫೋನಿನ ಕರೆಯಲ್ಲಿ ‘ಹೊಸ ಅಡಿಕೆಗೆ ಒಂದು ಒತ್ತಿ’ ಎಂಬ ದನಿಯಾಗುತ್ತದೆ.

ಕರೆಯಲ್ಲಿ ಆಯ್ಕೆಗಳು ಜಾಸ್ತಿ ಬೇಡ. ಕಣ್ಣು ಹಿಂದೆ ಹೋಗಿ ಮತ್ತೆ ಓದಬಹುದು, ಕಿವಿಗೆ ಅದಾಗದು. ಮೂರು ನಾಲ್ಕು ಸಾಕು. ಅಭ್ಯಾಸ ಇರುವವರು ಮಾತು ಮುಗಿಯುವ ಮೊದಲೇ ಅಂಕಿ ಒತ್ತಲು ಬಿಡಿ.

ಎಸ್ಸೆಮ್ಮೆಸ್‌ನಲ್ಲಿ ಜಾಗವೇ ದೊಡ್ಡ ಸಮಸ್ಯೆ. ಬರೀ ಇಂಗ್ಲಿಷಾದರೆ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತದೆ, ಕನ್ನಡಕ್ಕೆ 70 ಮಾತ್ರ. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ‘ಅಡಿಕೆ’ ಎಂದು ಬರೆದರೇ 5 ಹೋಯಿತು! ಹಾಗಾಗಿ ಅಲ್ಲಿ ನಮಸ್ಕಾರ, ಧನ್ಯವಾದ ಬಿಟ್ಟು ದರ, ದಿನಾಂಕ ಅಷ್ಟೇ ಕಳಿಸಿ.

ಇನ್ನು ಭಾಷೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆ ಮನೆಯಲ್ಲಿ ತುಳು, ಸಹಕಾರಿ ಸಂಘದಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವವರು ಎಷ್ಟೋ ಜನ, ಅಲ್ವಾ? ಕೇರಳದ ನಂಬರ್ ನೋಡಿ ಮಲಯಾಳವೇ ಎಂದು ತೀರ್ಮಾನಿಸಬೇಡಿ. ಮೊದಲ ಸಲ ಕೇಳಿ, ನೆನಪಿಟ್ಟುಕೊಳ್ಳಿ, ಬದಲಿಸುವ ದಾರಿ ಯಾವಾಗಲೂ ತೆರೆದಿರಲಿ. ಮಾತು ಗುರುತಿಸುವ ತಂತ್ರ ಹಾಕುವುದಿದ್ದರೆ ಇಲ್ಲಿನ ಹಿರಿಯರ ದನಿಯಲ್ಲೇ, ಫೋನ್ ಕರೆಯಲ್ಲೇ ಪರೀಕ್ಷಿಸಿ. ಎರಡು ಸಲ ಅರ್ಥವಾಗದಿದ್ದರೆ ಮತ್ತೆ ಕೇಳಿ ಸತಾಯಿಸದೆ ಕರೆಯನ್ನು ಸಂಘದ ಗುಮಾಸ್ತರಿಗೆ ಕೊಡಿ.