ಹನ್ನೊಂದು ಜನ ಸರಿ, ಬೆಂಚಿನಲ್ಲಿ ಯಾರಿದ್ದಾರೆ?

ಪ್ರಶ್ನೆ: ಸರ್, 2024ರ ಸೆಪ್ಟೆಂಬರ್ 14ಕ್ಕೆ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯ 2024–25ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ಆಟ ಶುರು. ಎದುರಾಳಿ ಈಸ್ಟ್ ಬೆಂಗಾಲ್. ಕಳೆದ ಸಲ 12 ತಂಡಗಳಲ್ಲಿ ನಮ್ಮದು 10ನೇ ಸ್ಥಾನ. "ಸುಮ್ನೆ ಟಿಕೆಟ್ ದುಡ್ಡು ದಂಡ" ಅಂತ ಅಪ್ಪ ಬೈತಾರೆ. ಹೊಸಬರು ಬಂದಿದ್ದಾರೆ ನಿಜ. ಆದರೆ ಇಬ್ಬರಿಗೆ ಪೆಟ್ಟಾದರೆ ಮತ್ತೆ ಅದೇ ಕಥೆ ಅಲ್ವಾ? ನಮ್ಮ ಬೆಂಚ್, ಅಂದರೆ ಬದಲಿ ಆಟಗಾರರ ಸಾಲು, ನಿಜವಾಗಿ ಗಟ್ಟಿ ಇದೆಯಾ?
– ಓದುಗರು, ರಾಜಾಜಿನಗರ

ಉತ್ತರ: ಗಟ್ಟಿ ಇದೆ. ಐದಾರು ವರ್ಷಗಳಲ್ಲಿ ಇಷ್ಟು ಗಟ್ಟಿ ಬೆಂಚ್ ನಾನು ನೋಡಿಲ್ಲ. ನಾನೂ ಈ ತಂಡದ ಅಭಿಮಾನಿಯೇ, ಆದರೆ ಅಭಿಮಾನಕ್ಕಷ್ಟೇ ಈ ಮಾತು ಹೇಳುತ್ತಿಲ್ಲ. ಆಸ್ಟಿನ್ ಟೌನ್ ಮೈದಾನದಲ್ಲಿ ಹುಡುಗರಿಗೆ ಆಟ ಕಲಿಸುತ್ತಾ ಒಂದು ವಿಷಯ ಚೆನ್ನಾಗಿ ಗೊತ್ತಾಗಿದೆ. ತಂಡ ಎಂಥದ್ದು ಅಂತ ತಿಳಿಯಬೇಕಾದರೆ ಮೊದಲ ಹನ್ನೊಂದು ಹೆಸರು ಓದಿದರೆ ಸಾಲದು. 60ನೇ ನಿಮಿಷಕ್ಕೆ ಕಾಲು ಸೋತಾಗ ಕೋಚ್ ಹಿಂದೆ ತಿರುಗಿ ಯಾರನ್ನು ಕರೆಯುತ್ತಾರೆ, ಅದನ್ನು ನೋಡಬೇಕು.

ಕಳೆದ ಸಲ ಹಾಗೆ ಕರೆಯಲು ಜಾಸ್ತಿ ಜನ ಇರಲಿಲ್ಲ. ಡಿಸೆಂಬರ್‌ನಲ್ಲಿ ಮುಂಬೈ ಸಿಟಿ ಎದುರು, ಏಪ್ರಿಲ್‌ನಲ್ಲಿ ಮೋಹನ್ ಬಗಾನ್ ಎದುರು, ಎರಡೂ ಸಲ ನಮ್ಮ ಕಂಠೀರವದಲ್ಲೇ 0–4. ಎರಡೂ ದಿನ ನಾನು ಸ್ಟೇಡಿಯಂನಲ್ಲೇ ಇದ್ದೆ. ಒಂದು ಗೋಲು ಬಿದ್ದ ಮೇಲೆ ಆಟದ ದಿಕ್ಕು ತಿರುಗಿಸುವವರು ಬೆಂಚಿನಲ್ಲಿ ಕಾಣಲೇ ಇಲ್ಲ. ಆ ಹೊಟ್ಟೆ ಉರಿ ಇನ್ನೂ ಇದೆ. ಅದಕ್ಕೇ ಈ ಸಲದ ಪಟ್ಟಿ ಕೈಗೆ ಬಂದಾಗ ಮೊದಲು ಕೆಳಗಿನ ಹೆಸರುಗಳನ್ನೇ ಓದಿದೆ.

ವಿದೇಶಿ ಆಟಗಾರರ ಲೆಕ್ಕ ಮೊದಲು ನೋಡೋಣ. ಒಂದು ತಂಡ ಆರು ಜನರನ್ನು ಇಟ್ಟುಕೊಳ್ಳಬಹುದು, ಮೈದಾನದಲ್ಲಿ ಒಮ್ಮೆಗೆ ನಾಲ್ವರೇ ಇರಬೇಕು. ನಮ್ಮ ಆರು ಜನ ಯಾರೆಂದರೆ ಹಿಂದೆ ಯೊವಾನೊವಿಚ್, ನಡುವೆ ಪೆದ್ರೊ ಕಾಪೊ ಮತ್ತು ನೊಗೆರಾ, ಮುಂದೆ ಪೆರೇರಾ ಡಯಾಜ್, ಎಡ್ಗರ್ ಮೆಂಡೆಜ್, ರಯಾನ್ ವಿಲಿಯಮ್ಸ್. ಅಂದರೆ ಪ್ರತಿ ಪಂದ್ಯದಲ್ಲೂ ಇಂಥ ಇಬ್ಬರು ಬೆಂಚಿನಲ್ಲಿ ಕಾಯುತ್ತಿರುತ್ತಾರೆ. ಮೆಂಡೆಜ್ ಯಾರು ಗೊತ್ತಾ? 2017ರಲ್ಲಿ ಸ್ಪೇನ್‌ನ ಕೋಪಾ ಡೆಲ್ ರೇ ಕಪ್ ಟೂರ್ನಿಯ ಸೆಮಿಫೈನಲ್‌ನಲ್ಲಿ ಗೋಲು ಹೊಡೆದು ಅಲಾವೆಸ್ ತಂಡವನ್ನು ಫೈನಲ್ ಮುಟ್ಟಿಸಿದ ಮನುಷ್ಯ. 70ನೇ ನಿಮಿಷದಲ್ಲಿ ಇಂಥವರು ಎದ್ದು ಬಂದರೆ ಸುಸ್ತಾದ ಡಿಫೆಂಡರ್ ಗತಿ ಏನು, ನೀವೇ ಯೋಚಿಸಿ.

ಡಯಾಜ್ ಮತ್ತು ನೊಗೆರಾ ಮುಂಬೈ ಸಿಟಿಯಿಂದ ಬಂದವರು. ಇದೇ ಮೇ 4ರಂದು ಮುಂಬೈ ತಂಡ ಮೋಹನ್ ಬಗಾನ್ ಅನ್ನು ಅದರದೇ ಊರು ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ 3–1ರಿಂದ ಸೋಲಿಸಿ ಐಎಸ್‌ಎಲ್ ಕಪ್ ಗೆದ್ದಿತು. ಅದರಲ್ಲಿ ಒಂದು ಗೋಲು ಡಯಾಜ್‌ದು. ಆ ತಂಡದ ನಾಯಕ ರಾಹುಲ್ ಭೇಕೆ ಕೂಡ ಈಗ ನಮ್ಮವರು. ನಮ್ಮವರು ಅನ್ನುವುದಕ್ಕಿಂತ ವಾಪಸ್ ಮನೆಗೆ ಬಂದವರು ಅನ್ನಬೇಕು. 2019ರ ಮಾರ್ಚ್ 17ರ ಫೈನಲ್ ನೆನಪಿದೆಯಾ? ಗೋವಾ ಎದುರು ಹೆಚ್ಚುವರಿ ಸಮಯ, 117ನೇ ನಿಮಿಷ, ಕಾರ್ನರ್, ಭೇಕೆ ತಲೆ, ಗೋಲು. ನಮಗೆ ಸಿಕ್ಕ ಒಂದೇ ಒಂದು ಐಎಸ್‌ಎಲ್ ಕಪ್ ಅದು.

ಆದರೆ ನನಗೆ ಜಾಸ್ತಿ ಖುಷಿ ಕೊಟ್ಟಿರುವುದು ಭಾರತೀಯ ಆಟಗಾರರ ಪಟ್ಟಿ. ಮೈದಾನದಲ್ಲಿ ಯಾವಾಗಲೂ ಏಳು ಜನ ನಮ್ಮ ದೇಶದವರೇ ಇರಬೇಕಲ್ವಾ? ಹಾಗಾಗಿ ಐಎಸ್‌ಎಲ್‌ನಲ್ಲಿ ತಂಡದ ಆಳ ತಿಳಿಯುವುದು ಅಲ್ಲೇ. ಸ್ಟಾಪರ್ (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್) ಜಾಗಕ್ಕೆ ಭೇಕೆ ಮತ್ತು ಚಿಂಗ್ಲೆನ್ಸಾನಾ ಇದ್ದಾರೆ. ಬೇಕೆಂದಾಗ ಯೊವಾನೊವಿಚ್‌ರನ್ನು ಕೂರಿಸಿ ಆ ವಿದೇಶಿ ಜಾಗವನ್ನು ಮುಂದಿನ ಸಾಲಿಗೆ ಬಳಸಬಹುದು. ಇಂಥ ಅನುಕೂಲ ಎಲ್ಲ ತಂಡಗಳಿಗೂ ಇರುವುದಿಲ್ಲ. ಚಿಂಗ್ಲೆನ್ಸಾನಾ ಮತ್ತು ನಿಖಿಲ್ ಪೂಜಾರಿ ಕಳೆದ ಜನವರಿಯಲ್ಲಿ ಹೈದರಾಬಾದ್‌ನಿಂದ ಬಂದವರು, 2022ರಲ್ಲಿ ಆ ತಂಡದ ಜೊತೆ ಕಪ್ ಗೆದ್ದವರು. ಕಳೆದ ಸಲ ಸೀಸನ್ ನಡುವೆ ಬಂದ ಅವರಿಗೆ ಈಗ ಪೂರ್ತಿ ತಯಾರಿಯ ಸಮಯ ಸಿಕ್ಕಿದೆ. ಕೋಚ್ ಜೆರಾರ್ಡ್ ಸರಗೋಸಾ ಅವರಿಗೂ ಅಷ್ಟೇ. ಕಳೆದ ಡಿಸೆಂಬರ್‌ನಲ್ಲಿ ಬಂದು ಬೇರೆಯವರು ಕಟ್ಟಿದ ತಂಡ ನಡೆಸಿದರು. ಈ ಸಲದ್ದು ಅವರೇ ಕಟ್ಟಿದ ತಂಡ.

ನಡುವೆ ಸುರೇಶ್ ವಾಂಗ್‌ಜಮ್ ಇದ್ದಾರೆ, ಪಕ್ಕದಲ್ಲಿ ಫನಾಯ್. ಸುರೇಶ್ 2017ರ 17 ವರ್ಷದೊಳಗಿನವರ ವಿಶ್ವಕಪ್ ಆಡಿದ ಮಣಿಪುರದ ಹುಡುಗ, ದಣಿವು ಅನ್ನುವುದೇ ಗೊತ್ತಿಲ್ಲ. ಅವರಿಬ್ಬರ ಓಟ, ಕಾಪೊ ಅನುಭವ, ನೊಗೆರಾ ಪಾಸ್. ಈ ನಾಲ್ವರಲ್ಲಿ ಮೂವರನ್ನು ಯಾವ ರೀತಿ ಜೋಡಿಸಿದರೂ ಮಿಡ್‌ಫೀಲ್ಡ್ ಕುಸಿಯಲ್ಲ.

ಒಂದು ಚಿಂತೆಯನ್ನೂ ಮುಚ್ಚಿಡದೆ ಹೇಳುತ್ತೇನೆ. ಎಡಗಡೆ ಫುಲ್ ಬ್ಯಾಕ್ (ಅಂಚಿನ ಡಿಫೆಂಡರ್) ರೋಷನ್ ಸಿಂಗ್. 2021–22ರಲ್ಲಿ ಲೀಗ್‌ನ ಅತ್ಯುತ್ತಮ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದವರು. ಅವರ ಕ್ರಾಸ್, ಅವರ ಕಾರ್ನರ್ ಇಲ್ಲದೆ ಹೋದರೆ ಅದೇ ಅಳತೆಯ ಇನ್ನೊಬ್ಬರು ಸಿಗುವುದಿಲ್ಲ. ಪೂಜಾರಿ ಆ ಕಡೆ ಹೋಗಿ ಆಡಬಲ್ಲರು, ಕಿರಿಯರೂ ಇದ್ದಾರೆ. ಆದರೂ ರೋಷನ್ ಕಾಲು ಜೋಪಾನವಾಗಿರಲಿ ಅಂತ ನಾನು ದಿನಾ ಅಂದುಕೊಳ್ಳುತ್ತೇನೆ.

ಪ್ರಶ್ನೆ: ಸುನಿಲ್ ಛೆಟ್ರಿಗೆ ಆಗಸ್ಟ್ 3ಕ್ಕೆ 40 ತುಂಬಿತು. ಇನ್ನೂ ಅವರನ್ನೇ ನೆಚ್ಚಿಕೊಳ್ಳುವುದು ಸರಿಯಾ?
– ಓದುಗರು, ಹುಬ್ಬಳ್ಳಿ

ಉತ್ತರ: ಈ ಸಲ ನೆಚ್ಚಿಕೊಳ್ಳಬೇಕಾಗಿಯೇ ಇಲ್ಲ. ಅದಕ್ಕೇ ಅವರು ಚೆನ್ನಾಗಿ ಆಡುತ್ತಾರೆ ಅಂತ ನನ್ನ ನಂಬಿಕೆ. ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಆಡಿ ದೇಶದ ತಂಡಕ್ಕೆ ವಿದಾಯ ಹೇಳಿದರು. ಆ ಹೊತ್ತಿಗೆ 151 ಪಂದ್ಯ, 94 ಗೋಲು. ಹಾಗಾಗಿ ದೇಶದ ಪಂದ್ಯಗಳಿಗೆ ಲೀಗ್ ನಿಂತಾಗ ಅವರಿಗೆ ವಿಶ್ರಾಂತಿ. ಮೊದಲು ಆ ದಿನಗಳಲ್ಲೂ ವಿಮಾನ, ಕ್ಯಾಂಪ್, ಪಂದ್ಯ ಅಂತ ಓಡಾಟ ಇರುತ್ತಿತ್ತು. ಕೋಲ್ಕತ್ತದ ಮೊಹಮ್ಮಡನ್ ತಂಡವೂ ಲೀಗ್ ಸೇರಿದ್ದರಿಂದ ಈ ಸಲ 13 ತಂಡ, ಒಂದೊಂದಕ್ಕೂ 24 ಪಂದ್ಯ. ಎಲ್ಲದರಲ್ಲೂ ಛೆಟ್ರಿ 90 ನಿಮಿಷ ಓಡಬೇಕಿಲ್ಲ. ಕೆಲವು ದಿನ ಮೊದಲಿಂದ ಆಡಲಿ, ಕೆಲವು ದಿನ ಕೊನೆಯ ಅರ್ಧ ಗಂಟೆಗೆ ಇಳಿಯಲಿ. ಬಾಕ್ಸ್ ಒಳಗೆ ಚೆಂಡು ಎಲ್ಲಿ ಬೀಳುತ್ತದೆ ಅಂತ ಮೊದಲೇ ಹೊಳೆಯುವ ಆ ಬುದ್ಧಿಗೆ ವಯಸ್ಸಾಗಿಲ್ಲ. ಜೊತೆಗೆ ಶಿವಶಕ್ತಿ ಇದ್ದಾರೆ. 2022–23ರಲ್ಲಿ ನಾವು ಫೈನಲ್ ತನಕ ಹೋದಾಗ ಮುಂದಿನ ಸಾಲಿನಲ್ಲಿ ಮಿಂಚಿದ ಹುಡುಗ. ಅವರಿಗೆ ಆ ಲಯ ಮತ್ತೆ ಸಿಕ್ಕರೆ ಸಾಕು.

ಪ್ರಶ್ನೆ: ಗುರ್‌ಪ್ರೀತ್‌ಗೆ ಏನಾದರೂ ಆದರೆ ಗೋಲ್ ಕಾಯುವವರು ಯಾರು?
– ಓದುಗರು, ಮಂಗಳೂರು

ಉತ್ತರ: ಲಾಲ್ತುವಮ್ಮಾವಿಯಾ ರಾಲ್ತೆ. ಹಳಬರಿಗೆ ಈ ಹೆಸರು ಗೊತ್ತು. 2016ರ ನವೆಂಬರ್‌ನಲ್ಲಿ ದೋಹಾದಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ಆಡಿದೆವಲ್ಲ, ಆಗ ಮೊದಲ ಕೀಪರ್ ಅಮರಿಂದರ್ ನಿಷೇಧದಿಂದ ಹೊರಗಿದ್ದರು. ಕೈಗವಸು ಹಾಕಿಕೊಂಡು ನಿಂತದ್ದು ಇದೇ ರಾಲ್ತೆ. 0–1ರಿಂದ ಸೋತೆವು. ಆದರೆ ಎರಡನೇ ಕೀಪರ್ ಯಾವತ್ತು ಬೇಕಾಗುತ್ತಾರೆ ಅಂತ ಹೇಳಲಾಗದು ಎಂದು ಈ ಕ್ಲಬ್ ಅವತ್ತೇ ಕಲಿತಿದೆ. ಅವರು ಈಗ ನಮ್ಮಲ್ಲಿಗೇ ಮರಳಿ ಬಂದಿರುವುದು ನನಗೆ ದೊಡ್ಡ ಸಮಾಧಾನ.

ಪ್ರಶ್ನೆ: ನಮ್ಮ ಊರಿನ ಹುಡುಗರಿಗೆ ಅವಕಾಶ ಸಿಗುತ್ತಾ ಸರ್?
– ಓದುಗರು, ಹಲಸೂರು

ಉತ್ತರ: ಫುಟ್‌ಬಾಲ್ ಹುಚ್ಚಿಗೆ ಹೆಸರಾದ ಗೌತಮಪುರದ ಪಕ್ಕದವರು ಈ ಪ್ರಶ್ನೆ ಕೇಳದೆ ಇರುತ್ತೀರಾ! ವಿನೀತ್ ವೆಂಕಟೇಶ್ ಕಡೆ ಕಣ್ಣಿಡಿ. ಬೆಂಗಳೂರಿನ ಹುಡುಗ, ಕ್ಲಬ್ಬಿನ ಕಿರಿಯರ ತಂಡದಲ್ಲೇ ಬೆಳೆದವನು, ಇನ್ನೂ 20 ಆಗಿಲ್ಲ. ಆಗಸ್ಟ್ 27ರಂದು ಡುರಾಂಡ್ ಕಪ್ ಸೆಮಿಫೈನಲ್‌ನಲ್ಲಿ ಮೋಹನ್ ಬಗಾನ್ ಎದುರು, ಅವರ ಜನಸಾಗರದ ನಡುವೆ ಗೋಲು ಹೊಡೆದ. ಛೆಟ್ರಿ ಪೆನಾಲ್ಟಿಯೂ ಸೇರಿ 2–0 ಮುಂದಿದ್ದೆವು. ಅದು 2–2 ಆಗಿ, ಪೆನಾಲ್ಟಿ ಶೂಟೌಟ್‌ನಲ್ಲಿ ಕೈ ತಪ್ಪಿತು. ನೋವಾಯಿತು. ಆದರೆ ಅವತ್ತು ಚೆಂಡು ಕಾಲಿಗೆ ಬಂದಾಗ ಆ ಹುಡುಗ ಒಂದು ಸಲವೂ ಹೆದರಿದ್ದು ನಾನು ಕಾಣಲಿಲ್ಲ.

14ಕ್ಕೆ ಪಂದ್ಯ ರಾತ್ರಿ 7.30ಕ್ಕೆ. ರಾಜಾಜಿನಗರದವರೇ, ಅಪ್ಪನನ್ನೂ ಕರೆದುಕೊಂಡು ಬನ್ನಿ. ಎರಡನೇ ಅರ್ಧ ಶುರುವಾದ ಮೇಲೆ ಒಂದು ಕಣ್ಣು ಆಟದ ಮೇಲಿರಲಿ, ಇನ್ನೊಂದು ಗೆರೆಯ ಆಚೆ ಮೈ ಬಿಸಿ ಮಾಡಿಕೊಳ್ಳುವ ಹುಡುಗರ ಮೇಲಿರಲಿ. ನಾನು ನಮ್ಮ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್ ಸ್ಟ್ಯಾಂಡ್‌ನಲ್ಲೇ ಇರುತ್ತೇನೆ.